ಇಬ್ಬರಿಗಾಗುವಷ್ಟು ಬಂಗಾರ

ಮೊದಲು ಅದನ್ನು ಶಿವದಾರ ಉಜ್ಜಿ ಆದ ಬಾವು ಎಂದುಕೊಂಡಿದ್ದೆ. ಎಡಗಡೆ ಕೊರಳೆಲುಬಿನ ಮೇಲೆ, ಲಿಂಗದ ಕರಡಿಗೆಯ ದಾರ ಹಾದುಹೋಗುವ ಜಾಗದಲ್ಲಿ, ಅವರೆಕಾಳಿನಷ್ಟು ಒಂದು ಗಂಟು. ನೋವಿರಲಿಲ್ಲ. ಒತ್ತಿದರೆ ಬೆರಳ ಕೆಳಗೆ ಆಚೀಚೆ ಸರಿಯುತ್ತಿತ್ತು. ಆಗ ನನಗೆ ಇಪ್ಪತ್ತಾರು ವರ್ಷ. ರಾಜಾಜಿನಗರದ ಒಂದು ಮಾಧ್ಯಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ದಾವಣಗೆರೆ ಕಡೆಯ ಒಂದು ಸಂಬಂಧ ಮಾತುಕತೆಯ ಹಂತದಲ್ಲಿತ್ತು. ಅವ್ವ ಗಂಟನ್ನು ಮುಟ್ಟಿ ನೋಡಿ, “ಸೆರಗು ಮುಚ್ಚಿಕೊಂಡಿರು, ಅವರು ಬಂದು ಹೋಗಲಿ” ಎಂದಳು.

ಅವರು ಬಂದು ಹೋದರು. ಗಂಟು ಹೋಗಲಿಲ್ಲ. ನಮ್ಮ ಬೀದಿಯ ಡಾಕ್ಟರು ಗಂಡಮಾಲೆ, ಅಂದರೆ ಕ್ಷಯದ ಗಂಟು, ಎಂದು ನಾಲ್ಕು ತಿಂಗಳು ಸೂಜಿ ಚುಚ್ಚಿದರು. ದಿನವೂ ಶಾಲೆ ಮುಗಿಸಿ ಅವರ ಶಾಪಿಗೆ ಹೋಗಿ ಸೊಂಟಕ್ಕೆ ಚುಚ್ಚಿಸಿಕೊಂಡು, ಕುಂಟುತ್ತಾ ಮನೆಗೆ ಬರುತ್ತಿದ್ದೆ. ಗಂಟು ನಿಂಬೆಹಣ್ಣಿನಷ್ಟಾಯಿತು. ಸಂಜೆಯಾದರೆ ಜ್ವರ, ರವಿಕೆ ಹಿಂಡುವಷ್ಟು ಬೆವರು. ಕಡೆಗೆ ಅದೇ ಡಾಕ್ಟರು ಮುಖ ಚಿಕ್ಕದು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಗಂಟಿನ ಒಂದು ಚೂರು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಅಪ್ಪಾಜಿಯನ್ನು ಮಾತ್ರ ಒಳಗೆ ಕರೆದರು. ಅಪ್ಪಾಜಿ ಶಿರಸ್ತೇದಾರರಾಗಿ ನಿವೃತ್ತರಾದವರು. ಯಾವ ಕಾಗದವನ್ನೂ ಎರಡು ಸಲ ಓದದೆ ರುಜು ಹಾಕುವವರಲ್ಲ. ಅವತ್ತು ಹೊರಗೆ ಬಂದವರು ಕೈಯಲ್ಲಿದ್ದ ಲಕೋಟೆಯನ್ನು ನನಗೇ ಕೊಟ್ಟು, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. ನಾನು ಬಿಚ್ಚಿ ಓದಿದೆ. ಒಂದು ಪದ ಅರ್ಥವಾಗಲಿಲ್ಲ. ಮಾರನೆಯ ದಿನ ಶಾಲೆಯ ನಿಘಂಟಿನಲ್ಲಿ ಹುಡುಕಿದೆ, ಸಿಗಲಿಲ್ಲ. ಮುಂದಿನ ಸಲ ಡಾಕ್ಟರನ್ನೇ ಕೇಳಿದೆ.

“ನಿಮ್ಮ ತಂದೆಯವರಿಗೆ ಎಲ್ಲಾ ಹೇಳಿದೀನಲ್ಲಮ್ಮ.”

“ಕಾಯಿಲೆ ನನಗೆ ಬಂದಿರೋದು ಸಾರ್.”

ಅವರು ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ದಣಿದಿದ್ದರು. ಮೈಯಲ್ಲಿ ರಕ್ತದಂತೆ ಹರಿಯುವ ಹಾಲ್ರಸದ ಗಂಟುಗಳ ಕ್ಯಾನ್ಸರು ಎಂದು ಕನ್ನಡದಲ್ಲೇ ಹೇಳಿದರು. ಕುತ್ತಿಗೆಯಲ್ಲಷ್ಟೇ ಇದ್ದರೆ ಕರೆಂಟು ಕೊಟ್ಟರೆ ಸಾಕು, ವಾಸಿಯಾಗುತ್ತದೆ ಎಂದರು. ಕೋಬಾಲ್ಟ್ ಯಂತ್ರದ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಕರೆಂಟು ಎಂದೇ ಹೇಳುತ್ತಿದ್ದರು. “ಆದರೆ ಹೊಟ್ಟೆಗೆ ಇಳಿದಿದ್ರೆ ಬರೀ ಕರೆಂಟು ಸಾಲದು. ಬೇರೆ ಔಷಧಿ ಕೊಡಬೇಕು, ಬೇಗ ಕೊಡಬೇಕು. ಇಳಿದಿದೆಯಾ ಇಲ್ಲವಾ ಅಂತ ಮೊದಲು ಲಿವರಿಗೆ ಒಂದು ಸ್ಕ್ಯಾನ್ ಮಾಡ್ತೀವಿ. ಅದರ ಔಷಧಿ ಬೊಂಬಾಯಿಯಿಂದ ವಿಮಾನದಲ್ಲಿ ಬರಬೇಕು. ಸೋಮವಾರ ಬನ್ನಿ.”

ಮನೆಯಲ್ಲಿ ಆ ಪದವನ್ನು ಯಾರೂ ಆಡಲಿಲ್ಲ. ಪಕ್ಕದ ಮನೆಯವರಿಗೆ ಥೈರಾಯಿಡ್ ಎಂದು ಹೇಳಲಾಯಿತು. ದಾವಣಗೆರೆಯವರಿಗೆ ಏನನ್ನೂ ಹೇಳಲಿಲ್ಲ. ಆದರೂ ಅವರ ಕಡೆಯಿಂದ ಕಾಗದ ಬರುವುದು ನಿಂತಿತು. ಶಾಲೆಯಲ್ಲಿ ನನ್ನ ಜೊತೆಯ ಟೀಚರೊಬ್ಬರು, ಮೂರು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು, ತಮ್ಮ ನೀರಿನ ಲೋಟವನ್ನು ಮೇಜಿನ ಇನ್ನೊಂದು ತುದಿಗೆ ಇಟ್ಟುಕೊಳ್ಳತೊಡಗಿದರು. ನಾನು ಅದನ್ನು ನೋಡಿದೆನೆಂದು ಅವರಿಗೆ ಗೊತ್ತಿತ್ತು. ಆದರೂ ಲೋಟ ಅಲ್ಲೇ ಇತ್ತು.

ಸೋಮವಾರ ಹೋದಾಗ ಸ್ಕ್ಯಾನ್ ಕೋಣೆಯ ಮುಂದೆ ಬೆಂಚಿನ ಮೇಲೆ ಇಬ್ಬರು ರೋಗಿಗಳಿದ್ದರು. ಒಬ್ಬರು ಮಾತಾಡದ ಮುದುಕರು, ಒಂದನೇ ನಂಬರು. ಎರಡನೆಯವಳು ನಂಜಮ್ಮ. ಮೂವತ್ತೆರಡೋ ಮೂವತ್ಮೂರೋ ವರ್ಷ. ಅವಳಿಗೂ ಕುತ್ತಿಗೆಯಲ್ಲಿ ನನ್ನ ಹಾಗೆಯೇ ಗಂಟು, ಬಲಗಡೆ. ಗಂಡ ಗಂಗಪ್ಪ ಜೊತೆಯಲ್ಲಿದ್ದ. ಹೇರೋಹಳ್ಳಿಯವರು. ಸ್ವಲ್ಪ ಹೊಲ, ಮೂರು ಎಮ್ಮೆ. ಬೆಳಿಗ್ಗೆ ಸೈಕಲ್ಲಿನಲ್ಲಿ ವಿಜಯನಗರಕ್ಕೆ ಹಾಲು ಹಾಕಿ, ಮನೆಗೆ ಹಿಂತಿರುಗಿ ಹೆಂಡತಿಯನ್ನು ಕರೆದುಕೊಂಡು ಸುಂಕದಕಟ್ಟೆಯವರೆಗೆ ನಡೆದು ಬಸ್ಸು ಹಿಡಿದು ಬಂದಿದ್ದ. ನನ್ನದು ಮೂರನೇ ನಂಬರು.

ಔಷಧಿ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆ ಎರಡು ದಿನ ಬೆಂಚಿನ ಮೇಲೆ ಕೂತು ನಂಜಮ್ಮ ನನಗೆ ತನ್ನ ಇಬ್ಬರು ಹೆಣ್ಣುಮಕ್ಕಳ ಕತೆಯನ್ನೆಲ್ಲ ಹೇಳಿದಳು. ಲಿವರಿಗೆ ಕೊಡುವ ಆ ಔಷಧಿ ಬಂಗಾರದಿಂದ ಮಾಡಿದ್ದು ಎಂದು ಯಾರೋ ಅವಳಿಗೆ ಹೇಳಿದ್ದರು. ನಾನು ಟೆಕ್ನಿಷಿಯನ್ನನ್ನು ಕೇಳಿದೆ. ಹೌದು, ಬಂಗಾರವೇ ಎಂದರು.

ನಂಜಮ್ಮ ಬಾಯಿ ಮುಚ್ಚಿಕೊಂಡು ನಕ್ಕಳು. “ಮದ್ವೇಲಿ ಒಂದ್ ಎಳೆ ಸರ ಹಾಕಿ ಅಂದ್ರೆ ನಮ್ಮಾವ ಇಲ್ಲ ಅಂದ್ಬುಟ್ಟ. ಈಗ ನೋಡಿ ಟೀಚರಮ್ಮ, ಸರ್ಕಾರದೋರು ಮೈಯೊಳಕ್ಕೇ ಹಾಕ್ತವ್ರೆ.”

“ಸುಮ್ಕಿರೇ” ಎಂದ ಗಂಗಪ್ಪ, ತಾನೂ ನಗುತ್ತಾ.

ಮಂಗಳವಾರ ಮಧ್ಯಾಹ್ನ ಟೆಕ್ನಿಷಿಯನ್ ಹೊರಗೆ ಬಂದು, ಔಷಧಿ ಬೊಂಬಾಯಿಯಿಂದ ಹೊರಟಿದೆ, ನಾಳೆ ಬರುತ್ತದೆ ಎಂದರು. ಆಮೇಲೆ ಅಪ್ಪಾಜಿಯ ಕಡೆ ತಿರುಗಿ, “ಆದರೆ ಸಾರ್, ಇದು ಸೀಸೆಯಲ್ಲಿಟ್ಟಿದ್ರೂ ದಿನದಿನಕ್ಕೆ ಶಕ್ತಿ ಕಳ್ಕೊಳ್ಳುತ್ತೆ. ತಡ ಆಗಿದೆ. ಮೂರು ಜನಕ್ಕೆ ಸಾಲುತ್ತೋ ಇಲ್ಲವೋ ನೋಡಬೇಕು” ಎಂದರು. ಅವರು ದನಿ ತಗ್ಗಿಸಿ ಹೇಳಿದ್ದನ್ನು ಗಂಗಪ್ಪ ಕೇಳಿಸಿಕೊಂಡನೋ ಇಲ್ಲವೋ, ನಾನು ಕೇಳಿಸಿಕೊಂಡೆ.

ಸಂಜೆ ಅಪ್ಪಾಜಿ ಕೋಟು ತೊಟ್ಟು ಹೊರಟರು. ಹಿಂದೆ ತಮಗೆ ಮೇಲಧಿಕಾರಿಯಾಗಿದ್ದವರೊಬ್ಬರು ಆಗ ಬಹಳ ದೊಡ್ಡ ಜಾಗದಲ್ಲಿದ್ದರು. ಇಡೀ ನೌಕರಿಯಲ್ಲಿ ಅವರ ಹತ್ತಿರ ಏನನ್ನೂ ಕೇಳಿಲ್ಲ ಎಂದು ಅಪ್ಪಾಜಿ ಆಗಾಗ ಹೆಮ್ಮೆಯಿಂದ ಹೇಳುತ್ತಿದ್ದುದುಂಟು. ದೀಪ ಹಚ್ಚುವ ಹೊತ್ತಿಗೆ ಹಿಂತಿರುಗಿದರು. ಜೇಬಿನಲ್ಲಿ ಒಂದು ಲಕೋಟೆಯಿತ್ತು. “ನಾಳೆ ಕೆಲಸ ಆಗುತ್ತೆ” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ನಾನು ಕೇಳಲಿಲ್ಲ. ಏನೆಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಬುಧವಾರ ಔಷಧಿ ಬಂತು. ಹತ್ತು ಗಂಟೆಗೆ ಅಪ್ಪಾಜಿ ಡಾಕ್ಟರ ಕೋಣೆಗೆ ಹೋಗಿ ಬಂದು ಅವ್ವನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಟೆಕ್ನಿಷಿಯನ್ ಒಂದು ಕಾಗದ ಹಿಡಿದು ಬಾಗಿಲಿಗೆ ಬಂದರು. ಇವತ್ತು ಇಬ್ಬರಿಗೆ ಮಾತ್ರ ಆಗುತ್ತದೆ ಎಂದು ಹೇಳಿ, ಮುದುಕರ ಹೆಸರು ಕೂಗಿದರು. ಆಮೇಲೆ, “ಸರ್ವಮಂಗಳಾ” ಎಂದರು.

ಅದು ನನ್ನ ಹೆಸರು.

ಗಂಗಪ್ಪ ಎದ್ದು ನಿಂತು ಚೀಟಿ ಚಾಚಿದ. “ಸಾರ್, ನಮ್ದು ಎರಡ್ನೇ ನಂಬರು.”

“ಡಾಕ್ಟರು ಹೇಳಿದ ಪ್ರಕಾರ ಕೂಗೋದು ಕಣಪ್ಪ. ನಿಮ್ಮವರಿಗೆ ಮುಂದಿನ ಸೋಮವಾರ.”

“ಮೂರ್ ದಿನದಿಂದ ಬತ್ತಾ ಇದೀವಿ ಸಾರ್. ನಂಬರ್ ನೋಡಿ ನೀವೇ.”

ಟೆಕ್ನಿಷಿಯನ್ ನಂಬರನ್ನು ನೋಡಲಿಲ್ಲ, ನೆಲ ನೋಡಿದರು. ಅಪ್ಪಾಜಿ ತಮ್ಮ ಮೊಣಕಾಲಿನ ಮೇಲಿದ್ದ ದಿನಪತ್ರಿಕೆಯನ್ನು ಬಿಡಿಸಿ ಓದತೊಡಗಿದರು. ಅವ್ವ ನನ್ನ ತೋಳು ಹಿಡಿದು ಎಬ್ಬಿಸಿದಳು. ಆಗ ನಾನು ಒಂದು ಮಾತು ಹೇಳಬಹುದಿತ್ತು. ಸರದಿ ಅವರದು, ನಾನು ಸೋಮವಾರ ಬರುತ್ತೇನೆ ಎನ್ನಬಹುದಿತ್ತು. ಗಂಟಲಿನವರೆಗೂ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯದೆ ಇನ್ನೊಂದು ಸೋಮವಾರದವರೆಗೆ ಬದುಕುವುದು ನನ್ನಿಂದಾಗುತ್ತಿರಲಿಲ್ಲ, ಅಷ್ಟೆ.

ನಂಜಮ್ಮನೇ ಗಂಡನ ಅಂಗಿ ಹಿಡಿದು ಕೂರಿಸಿದಳು. ನನ್ನನ್ನು ನೋಡಿ ಹೇಳಿದಳು: “ಹೋಗವ್ವ ಹೋಗು. ನಿಂಗಿನ್ನೂ ಮದ್ವೆ ಆಗ್ಬೇಕು.”

ಒಳಗೆ ತಣ್ಣಗಿತ್ತು. ಮೈಮೇಲೆ ಲೋಹ ಇರಬಾರದು ಎಂದರು. ಅವ್ವ ಕರಡಿಗೆಯನ್ನು ಕೊರಳಿನಿಂದ ಬಿಚ್ಚಿ, ಲಿಂಗ ಮೈ ಬಿಡಬಾರದು, ಹೊಟ್ಟೆಯಿಂದ ದೂರವಿದ್ದರೆ ಸಾಲದೇ ಎಂದು ಕೇಳಿಕೊಂಡು, ನನ್ನ ಬಲ ರಟ್ಟೆಗೆ ಕಟ್ಟಿದಳು. ಔಷಧಿ ಒಂದು ದಪ್ಪನೆಯ ಸೀಸದ ಪಾತ್ರೆಯೊಳಗಿತ್ತು. ಟೆಕ್ನಿಷಿಯನ್ ಸೀಸದ ಇಟ್ಟಿಗೆಗಳ ಗೋಡೆಯ ಹಿಂದೆ ನಿಂತು, ಉದ್ದನೆಯ ಇಕ್ಕಳದಿಂದ ಸೀಸೆಯನ್ನು ಎತ್ತಿದರು. ಬಂಗಾರದ ಬಣ್ಣವಿರಲಿಲ್ಲ, ನೇರಳೆ ಹಣ್ಣಿನ ರಸದಂತಿತ್ತು. ಅವರು ಕೈಯಿಂದ ಮುಟ್ಟಲು ಹೆದರುವ ವಸ್ತುವನ್ನು ನನ್ನ ನರದೊಳಕ್ಕೆ ಬಿಡುತ್ತಿದ್ದಾರಲ್ಲ ಎನ್ನಿಸಿತು. ಆದರೂ ತೋಳನ್ನು ನಾನೇ ಚಾಚಿದೆ.

ಆಮೇಲೆ ಮಲಗಿಸಿ ಪಕ್ಕೆಲುಬಿನ ಅಂಚಿಗೆ ಮಸಿಯಿಂದ ಗುರುತು ಹಾಕಿದರು. ಯಂತ್ರದ ತಲೆ ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ತೆವಳುತ್ತಾ ಹೋಗಿ, ಒಂದು ಕೂದಲೆಳೆಯಷ್ಟು ಕೆಳಗಿಳಿದು, ಬಲದಿಂದ ಎಡಕ್ಕೆ ಬರುತ್ತಿತ್ತು. ಅದರ ಜೊತೆಗೇ ಪಕ್ಕದ ಕಾಗದದ ಮೇಲೆ ಟಕ್ ಟಕ್ ಎಂದು ಚುಕ್ಕೆ ಬೀಳುವ ಸದ್ದು. ಚುಕ್ಕೆ ಒತ್ತಾಗಿ ಬಿದ್ದರೆ ಒಳ್ಳೆಯದು, ಖಾಲಿ ಬಿಟ್ಟಲ್ಲಿ ಕೆಟ್ಟದ್ದು ಎಂದು ಟೆಕ್ನಿಷಿಯನ್ ಹೇಳಿದ್ದರು. ಮುಕ್ಕಾಲು ಗಂಟೆ ಅಲುಗದೆ ಮಲಗಿ ಆ ಸದ್ದನ್ನೇ ಕೇಳಿದೆ. ಸದ್ದು ನಿಧಾನವಾದಾಗಲೆಲ್ಲ ಚುಕ್ಕೆ ಎಣಿಸುತ್ತಿದ್ದೆ. ಹೊರಗೆ ಬಂದಾಗ ಬೆಂಚಿನ ಮೇಲೆ ನಂಜಮ್ಮ, ಗಂಗಪ್ಪ ಕೂತಿದ್ದ ಜಾಗ ಖಾಲಿಯಿತ್ತು.

ಶುಕ್ರವಾರ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲ್ಲ ಕಡೆ ಚುಕ್ಕೆ ಒತ್ತಾಗಿತ್ತು. ಒಂದು ಖಾಲಿ ಜಾಗವೂ ಇರಲಿಲ್ಲ. ಕುತ್ತಿಗೆಗೆ ಕರೆಂಟು, ಮತ್ತೇನೂ ಬೇಡ ಎಂದರು. ಅವ್ವ ಅಲ್ಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. “ನಮ್ಮ ಪುಣ್ಯ” ಎಂದಳು. ಆ ಮಾತನ್ನು ಅವಳು ಈಗಲೂ ಹೇಳುತ್ತಾಳೆ. ನನಗೆ ಅದನ್ನು ಕೇಳಿದರೆ ಹಲ್ಲು ಜುಂ ಎನ್ನುತ್ತದೆ.

ಮುಂದಿನ ಸೋಮವಾರ ಔಷಧಿ ಬಂತು, ಯಂತ್ರ ಕೆಟ್ಟಿತು. ರಿಪೇರಿಗೆ ಬೇಕಾದ ಭಾಗ ಹೊರದೇಶದಿಂದ ಬರಬೇಕಿತ್ತು. ಕಾಯುತ್ತಾ ಕೂರಲು ಆಗುವುದಿಲ್ಲವೆಂದು ನಂಜಮ್ಮನಿಗೆ ಕುತ್ತಿಗೆಗೆ ಕರೆಂಟು ಶುರುಮಾಡಿದರು. ಕೈಯಿಂದ ಹೊಟ್ಟೆ ಒತ್ತಿ ನೋಡಿದರಂತೆ, ಏನೂ ಸಿಕ್ಕಲಿಲ್ಲವಂತೆ. ಹೀಗಾಗಿ ನಾವಿಬ್ಬರೂ ಐದಾರು ವಾರ, ಭಾನುವಾರ ಬಿಟ್ಟು ದಿನಾ, ಒಂದೇ ಬೆಂಚಿನ ಮೇಲೆ ಕೂತೆವು.

ಕರೆಂಟಿನ ಬಗ್ಗೆ ಜನ ಬಹಳ ಹೆದರಿಸುತ್ತಾರೆ. ಕೊಡುವಾಗ ಏನೂ ಗೊತ್ತಾಗುವುದಿಲ್ಲ. ಎರಡು ವಾರದ ಮೇಲೆ ಗಂಟಲು ಸುಡುತ್ತದೆ, ಎಂಜಲು ಒಣಗುತ್ತದೆ, ಅನ್ನ ಮರಳಿನಂತಾಗುತ್ತದೆ, ತಲೆಯ ಹಿಂಬದಿಯ ಕೂದಲು ಬಾಚಣಿಗೆಗೆ ಬರುತ್ತದೆ. ಅದನ್ನೆಲ್ಲ ಸಹಿಸಬಹುದು. ನನಗೆ ಸಹಿಸಲಾಗದೆ ಇದ್ದದ್ದು ನಂಜಮ್ಮ ತರುತ್ತಿದ್ದ ರಾಗಿ ಅಂಬಲಿ. ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿ, ಒಂದು ಪಾತ್ರೆಯಲ್ಲಿ ಬಟ್ಟೆ ಕಟ್ಟಿ ತರುತ್ತಿದ್ದಳು. ಗಂಟಲಿಗೆ ಇಳಿಯುತ್ತಿದ್ದುದು ಅದೊಂದೇ. ಅವ್ವ ಬೇಡವೆಂದು ಕಣ್ಸನ್ನೆ ಮಾಡಿದರೂ ನಾನು ಕುಡಿದೆ. ಶಾಲೆಯಲ್ಲಿ ನನ್ನ ಲೋಟದಿಂದ ಲೋಟ ದೂರವಿಟ್ಟವರು ಓದಿದವರು. ಇವಳು ನನ್ನ ಬಾಯಿಗೆ ತಾಗಿದ ಪಾತ್ರೆಯನ್ನು ಸೆರಗಿನಿಂದ ಒರೆಸಿ ತಾನೂ ಕುಡಿಯುತ್ತಿದ್ದಳು.

ದಿನಾ ಹೇಳಬೇಕೆಂದುಕೊಂಡೆ. ಲಕೋಟೆಯ ವಿಷಯ ಹೇಳಿ, “ಯಂತ್ರ ಸರಿಹೋದ ಕೂಡಲೇ ಆ ಪರೀಕ್ಷೆ ಮಾಡಿಸಿ, ಬಿಡಬೇಡಿ” ಎನ್ನಬೇಕೆಂದುಕೊಂಡೆ. ಮೊದಲನೆಯದನ್ನು ಹೇಳಲು ಧೈರ್ಯವಿಲ್ಲದ್ದರಿಂದ ಎರಡನೆಯದನ್ನೂ ಒತ್ತಿ ಹೇಳಲಿಲ್ಲ. ಇಬ್ಬರ ಗಂಟೂ ಕರಗಿದವು. ಅವಳು ಕನ್ನಡಿ ಕೇಳಿ ಪಡೆದು ಕುತ್ತಿಗೆ ನೋಡಿಕೊಂಡು, “ಗೆದ್ವಲ್ಲ ಟೀಚರಮ್ಮ!” ಎಂದಳು. ಗಂಟು ಹೋದ ಮೇಲೆ ಆ ಪರೀಕ್ಷೆಯನ್ನು ಯಾರೂ ನೆನೆಯಲಿಲ್ಲ.

ಒಂಬತ್ತು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಅವಳನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಮುಖ ಬತ್ತಿ, ಹೊಟ್ಟೆ ದಪ್ಪವಾಗಿತ್ತು. ಬಸುರಿ ಎಂದುಕೊಂಡೆ. ಹಾಗೆ ಅಂದುಕೊಂಡು ನಕ್ಕೂ ಬಿಟ್ಟೆ. ಅವಳು ನಗಲಿಲ್ಲ. ಕಣ್ಣು ಹಳದಿಯಾಗಿದ್ದವು.

ಅವತ್ತು ಅವಳಿಗೆ ಸ್ಕ್ಯಾನ್ ಆಯಿತು. ಡಾಕ್ಟರು ಗಂಗಪ್ಪನಿಗೆ ಬಾಗಿಲ ಬಳಿಯೇ ಚಿತ್ರ ತೋರಿಸುತ್ತಿದ್ದರು. ನಾನು ಬೆಂಚಿನ ಮೇಲಿದ್ದೆ, ಅಲ್ಲಿಂದಲೇ ಕಂಡಿತು. ಚುಕ್ಕೆಗಳ ನಡುವೆ ಅಲ್ಲಲ್ಲಿ ಖಾಲಿ ಜಾಗ, ಹುಳು ತಿಂದ ಎಲೆಯಂತೆ.

“ಮೊದಲೇ ಗೊತ್ತಾಗಿದ್ರೆ ಬೇರೆ ಔಷಧಿ ಕೊಡ್ತಾ ಇದ್ವಿ” ಎಂದರು ಡಾಕ್ಟರು.

“ಕೊಟ್ಟಿದ್ರೆ ಉಳೀತಿದ್ಲಾ ಸಾರ್?”

“ಹೇಳಕ್ಕಾಗಲ್ಲಪ್ಪ. ಒಂದು ಅವಕಾಶ ಇರ್ತಿತ್ತು.”

ಅವಳು ಮೂರು ತಿಂಗಳೂ ಉಳಿಯಲಿಲ್ಲ. ವಾರ್ಡಿನ ಆಯಾ ಹೇಳಿದಾಗ ನನಗೆ ತಿಳಿಯಿತು.

ನನ್ನ ಚಿತ್ರದಲ್ಲಿ ಏನೂ ಇರಲಿಲ್ಲ. ಅದನ್ನು ಒಂದು ವಾರ ತಡವಾಗಿ ತೆಗೆದಿದ್ದರೂ, ಅಥವಾ ತೆಗೆಯದೇ ಇದ್ದಿದ್ದರೂ, ನನಗೆ ಕೊಡುತ್ತಿದ್ದುದು ಅದೇ ಕರೆಂಟು, ಅದೇ ಕುತ್ತಿಗೆಗೆ. ಆ ಬುಧವಾರ ಬಂದ ಬಂಗಾರ ನನ್ನ ಮೈಯೊಳಗೆ ಹೋಗಿ, ನಿನಗೆ ಇದರ ಅಗತ್ಯವಿರಲಿಲ್ಲ ಎಂದು ಹೇಳಿತು. ಗಣಿತದ ಟೀಚರಾದ ನನಗೆ ಈ ಲೆಕ್ಕ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಒಂದು ಬೆಳಿಗ್ಗೆ ಅಪ್ಪಾಜಿ ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದಾಗ ಕೇಳಿಯೇಬಿಟ್ಟೆ. “ಆ ದಿನ ನೀವು ಲಕೋಟೆ ಕೊಡದಿದ್ರೆ ಆ ಹೆಂಗಸು ಬದುಕಿರ್ತಿದ್ದಳೋ ಏನೋ ಅಪ್ಪಾಜಿ.”

ಅವರು ತಡವರಿಸಲಿಲ್ಲ. ಈ ಪ್ರಶ್ನೆಗೆ ಮೊದಲೇ ಸಿದ್ಧರಾಗಿದ್ದರು ಎಂದು ಕಾಣುತ್ತದೆ. “ಇರಬಹುದು” ಎಂದರು. “ನಾನು ನಿನ್ನ ಅಪ್ಪ. ಅವಳ ಅಪ್ಪ ಅಲ್ಲ.”

“ಸರದಿ ಅವಳದಾಗಿತ್ತು.”

“ನಿನ್ನ ಹೆಸರು ಕೂಗಿದಾಗ ನೀನು ಎದ್ದು ಹೋದೆಯಲ್ಲ, ಮಂಗಳಾ.”

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಂದಿನಿಂದ ಅಪ್ಪಾಜಿಗೂ ನನಗೂ ಊಟ, ಬಟ್ಟೆ, ಬಸ್ಸಿನ ಸಮಯ ಬಿಟ್ಟು ಬೇರೆ ಮಾತಿಲ್ಲ. ಅವರು ಹೇಳಿದ್ದು ತಪ್ಪೆಂದು ಹೇಳಲು ನನ್ನಿಂದ ಆಗಿಲ್ಲ. ಅದಕ್ಕಾಗಿಯೇ ಅವರನ್ನು ಕ್ಷಮಿಸಲೂ ಆಗಿಲ್ಲ.

ಕಡೆಗೆ ಹೇರೋಹಳ್ಳಿಗೆ ಹೋದೆ. ಸುಂಕದಕಟ್ಟೆಯಲ್ಲಿ ಇಳಿದು, ಕೆಂಪು ಮಣ್ಣಿನ ರಸ್ತೆಯಲ್ಲಿ ಕೇಳಿಕೊಂಡು ನಡೆದೆ. ಗಂಗಪ್ಪ ಎಮ್ಮೆಗಳಿಗೆ ಮೇವು ಹಾಕುತ್ತಿದ್ದವನು ಕೈ ಒರೆಸಿಕೊಂಡು ಬಂದು ಜಗಲಿಯ ಮೇಲೆ ಚಾಪೆ ಹಾಸಿದ. ನಾನು ಕೂರಲಿಲ್ಲ. ನಿಂತೇ, ಒಂದೇ ಉಸಿರಿಗೆ, ಎಲ್ಲವನ್ನೂ ಹೇಳಿದೆ.

ಅವನು ಕೇಳಿ ಮುಗಿಸಿ, “ಗೊತ್ತಿತ್ತು ಕಣವ್ವ” ಎಂದ. “ನಿಮ್ಮಪ್ಪ ಒಳಕ್ ಹೋಗೋವಾಗ ಕೈಲಿ ಕಾಗ್ದ ಇತ್ತು. ಬರೋವಾಗ ಇರ್ಲಿಲ್ಲ. ನಾನೇನ್ ಎಳೇ ಮಗುವಾ?”

“ಮತ್ತೆ ಯಾಕೆ ಜಗಳ ಆಡಲಿಲ್ಲ ಗಂಗಪ್ಪಣ್ಣ?”

ಅವನು ಎಮ್ಮೆಗಳ ಕಡೆ ತಿರುಗಿದ. “ಅವ್ಳು ಬ್ಯಾಡ ಅಂದ್ಲು. ನಿಂಗೆ ಮದ್ವೆ ಆಗ್ಬೇಕು ಅಂದ್ಲಲ್ಲ, ಅದು ಮೇಲ್ಮಾತು ಕಣವ್ವ. ಅವ್ಳಿಗೆ ಆ ಯಂತ್ರ ಕಂಡ್ರೆ ಪ್ರಾಣ ಹೋಗ್ತಿತ್ತು. ತಪ್ಪಿಸ್ಕೊಂಡೆ ಅಂತ ಬಸ್ಸಲ್ಲಿ ಊರ್ ತನಕ ನಗಾಡ್ಕೊಂಡ್ ಬಂದ್ಲು. ನಾನೂವೆ ನಕ್ಕಂಡ್ ಬಂದೆ. ನಿಮ್ಮಪ್ಪನ್ ಮೇಲೆ ಬೇಜಾನ್ ಸಿಟ್ಟೈತೆ. ಆದ್ರೆ ಅದ್ನ ನೆನೆಸ್ಕಂಡ್ರೆ ಮಾತ್ರ ನನ್ನನ್ನ ನಾನೇ ಹೊಡ್ಕೋಬೇಕು ಅನ್ಸುತ್ತೆ.”

ತಪ್ಪಾಯಿತು ಎಂದೆ.

“ನೀನು ಬಂದು ಹೇಳಿ ಹಗುರ ಮಾಡ್ಕಂಡೆ” ಎಂದ ಗಂಗಪ್ಪ. “ಒಳ್ಳೇದಾಯ್ತು. ಇನ್ನ್ ಬರ್ಬೇಡ ಕಣವ್ವ.”

ಅಷ್ಟರಲ್ಲಿ ದೊಡ್ಡ ಮಗಳು, ಹತ್ತು ವರ್ಷದವಳು, ಹಿತ್ತಾಳೆ ಚೊಂಬಿನಲ್ಲಿ ನೀರು ತಂದಳು. ಮೂಗು, ಹುಬ್ಬು, ಎಲ್ಲ ತಾಯಿಯದೇ. ನಾನು ಕುಡಿಯುವುದನ್ನು ನೋಡುತ್ತಾ ನಿಂತವಳು ನನ್ನ ಕುತ್ತಿಗೆಯ ಸುಟ್ಟ ಕಪ್ಪು ಕಲೆಯನ್ನು ಗುರುತು ಹಿಡಿದಳು.

“ನಿಮ್ಗೂ ಅಮ್ಮನ್ ಕಾಯ್ಲೆನೇ ಬಂದಿತ್ತಾ?”

“ಹೌದು ಮಗಾ.”

“ವಾಸಿ ಆಯ್ತಾ?”

“ಆಯ್ತು.”

“ಅಮ್ಮಂಗ್ ಯಾಕ್ ಆಗ್ಲಿಲ್ಲ?”

ನಾನು ಚೊಂಬನ್ನು ಹಿಡಿದೇ ಇದ್ದೆ. ಉತ್ತರ ನನ್ನ ಬಾಯಿಂದಲೇ ಬರಬೇಕೆಂಬಂತೆ ಗಂಗಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು ಅವನೇ ಹೇಳಿದ.

“ಅವ್ರಿಗೆ ಸಣ್ಣದಾಗಿ ಬಂದಿತ್ತು ಕಣಮ್ಮ. ಅಮ್ಮಂಗೆ ದೊಡ್ಡದಾಗಿ ಬಂದಿತ್ತು. ಹೋಗು, ಚೊಂಬು ಇಸ್ಕೊಂಡು ಒಳಗೋಗು.”

ಹುಡುಗಿ ಅದನ್ನು ನಂಬಿದಳು. ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಒಳಗೆ ಹೋದಳು.